ಇರುವೆ ಹರಿಯದ ಸೀಟು

ಇಪ್ಪತ್ತಾರು ವರ್ಷ ನಾನು ಯೋಚಿಸಿದ್ದು ಒಂದೇ ಸಂಗತಿ. ಗಂಡಸರು ಸೈಕಲ್ಲಿನ ಮೇಲೆ ಹೇಗೆ ಕೂರುತ್ತಾರೆ, ಕೂತ ಜಾಗ ಏಕೆ ನೋಯುತ್ತದೆ. ಹೀಗೆ ಬರೆದರೆ ಓದಿದವರು ನಗಬಹುದು. ನಗಲಿ. ನಮ್ಮ ಅತ್ತೆಯವರೂ ನಗುತ್ತಿದ್ದರು, ನಕ್ಕು ಮುಗಿದ ಮೇಲೆ ಬೈಯುತ್ತಿದ್ದರು.

ಹೋದ ಆಷಾಢ ಏಕಾದಶಿಗೆ ಈ ಕೆಲಸ ಬಿಟ್ಟೆ. ದಬ್ಬಣಕ್ಕೆ ದಾರ ಪೋಣಿಸಲು ಮೂರು ಸಲ ತಪ್ಪಿದ ದಿನ, ಇನ್ನು ಸಾಕು ಎಂದು ಪಾಂಡುರಂಗನೇ ಹೇಳಿದಂತಾಯಿತು. ನನ್ನ ಮೇಜಿಗೆ ಈಗ ಬೇರೆಯವರು ಬಂದಿದ್ದಾರೆ. ಅವರ ಕೈಕೆಳಗೆ ಕಲಿಯಲು ಇನ್ನೂ ಇಬ್ಬರು ಹೆಣ್ಣುಮಕ್ಕಳು ಸೇರಿದ್ದಾರಂತೆ. ಆ ಇಬ್ಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಷ್ಟು ಸೀಟು ಹೊಲಿದೆ, ಯಾರು ಹೊಗಳಿದರು ಎಂಬುದೆಲ್ಲ ನಿಮಗೆ ಬೇಡ. ನನ್ನ ಒಂದು ತಪ್ಪು ತಿಳುವಳಿಕೆಯಿಂದ ಒಂದು ಸಂಸಾರ ಪುಣೆ ಬಿಟ್ಟು ಹೋಗುವುದರಲ್ಲಿತ್ತು. ಅದು ಹೇಗೆ ಉಳಿಯಿತು ಎಂದು ತಿಳಿದರೆ ಅರ್ಧ ಕೆಲಸ ಕಲಿತಂತೆ.

ನಾನು ಮನೆಯಲ್ಲಿದ್ದವಳು. ಇಂಡಿ ತಾಲ್ಲೂಕಿನಿಂದ ಮದುವೆಯಾಗಿ ಬಂದಾಗ ನಮ್ಮವರು ಪಿಂಪರಿಯ ಕಾರ್ಖಾನೆಗೆ ದಿನವೂ ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಅವರ ಸೀಟು ಹರಿದಾಗ ಹಳೆಯ ಚೀಲದ ರೆಕ್ಸಿನ್ ಕತ್ತರಿಸಿ, ಒಳಗೆ ತೆಂಗಿನ ನಾರು ತುಂಬಿ ಹೊಲಿದುಕೊಟ್ಟೆ. ಪುಣೆಯ ಶನಿವಾರ ಪೇಟೆ ಎಂಬ ಓಣಿಯ ಗಲ್ಲಿಯೊಂದರ ಸೈಕಲ್ ಅಂಗಡಿಯ ಮಾಲಕರು ಪಂಕ್ಚರ್ ತೆಗೆಯುವಾಗ ಆ ಹೊಲಿಗೆ ನೋಡಿದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು.

"ಹೇ ಕೋಣೀ ಶಿವಲಂ?" ಎಂದು ಕೇಳಿದರಂತೆ. ಇದನ್ನು ಯಾರು ಹೊಲಿದರು ಎಂದು.

"ಮನಿಯಾಕಿ," ಎಂದರಂತೆ ನಮ್ಮವರು ಕನ್ನಡದಲ್ಲೇ, ನಾಚಿಕೊಂಡು.

ಮರುವಾರ ಆರು ಹರಿದ ಸೀಟು ನಮ್ಮ ಮನೆಗೆ ಬಂದವು. ಹಾಗೆ ಶುರುವಾಯಿತು. ಚರ್ಮ ಮುಟ್ಟಿದ ದಿನ ಕೈಕಾಲು ತೊಳೆಯದೆ ಅಡುಗೆಮನೆಗೆ ಬರಬಾರದು ಎಂದು ಅತ್ತೆ ಕಟ್ಟು ಮಾಡಿದರು. ನಾನು ತೊಳೆದೆ, ಹೊಲಿದೆ, ಮತ್ತೆ ತೊಳೆದೆ. ಕೆಲಸ ಬೇಡ ಎಂದು ಅವರು ಒಂದು ದಿನವೂ ಹೇಳಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಬಲಗೈಯ ಐದು ಬೆರಳು ಮಡಚಿ ಆ ದಿನದ ಐದು ಉಪಕಾರ ಎಣಿಸುವುದು ನನ್ನ ರೂಢಿ. ಎಷ್ಟೋ ದಿನ ಮೊದಲ ಬೆರಳು ಅತ್ತೆಯವರದೇ.

ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ ನನಗೊಂದು ಮೇಜು ಆಯಿತು. ಕಾಕಾ ಮುಂದೆ, ನಾನು ಹಿಂದೆ. ಗಿರಾಕಿ ಬಂದರೆ ಕಾಕಾ ರಸ್ತೆಗೆಲ್ಲ ಕೇಳುವಂತೆ "ಕುಠೇ ದುಖತಂಯ?" ಎನ್ನುತ್ತಿದ್ದರು. ಎಲ್ಲಿ ನೋಯುತ್ತದೆ ಎಂದು ಬೀದಿಯಲ್ಲಿ ನಿಂತು ಯಾವ ಗಂಡಸು ಹೇಳಿಯಾನು? "ಸೊಂಟ" ಎನ್ನುತ್ತಿದ್ದರು. "ಪಾಠ" ಎನ್ನುತ್ತಿದ್ದರು, ಅಂದರೆ ಬೆನ್ನು. ಕಾಕಾ ಅದನ್ನೇ ಒಂದು ಚೀಟಿಯಲ್ಲಿ ಬರೆದು ಸೀಟಿಗೆ ಕಟ್ಟಿ ಒಳಗೆ ಕಳಿಸುತ್ತಿದ್ದರು. ನಾನು ಚೀಟಿ ನೋಡಿ ಹೊಲಿಯುವವಳು. ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಹಾಗಿರುವುದೇ ಮರ್ಯಾದೆ ಎಂದುಕೊಂಡಿದ್ದೆ.

ಒಮ್ಮೆ ಒಂದು ಚೀಟಿ ಬಂತು: "ಮುಂಗ್ಯಾ ಯೇತಾತ್."

ನನ್ನ ಮರಾಠಿ ಆಗ ತರಕಾರಿ ಸಂತೆಯ ಮರಾಠಿ. ಮುಂಗ್ಯಾ ಅಂದರೆ ಇರುವೆ, ಯೇತಾತ್ ಅಂದರೆ ಬರುತ್ತವೆ. ಅಷ್ಟು ಗೊತ್ತಿತ್ತು. ಸೀಟಿಗೆ ಇರುವೆ ಬರುತ್ತವೆ ಎಂದರೆ ಒಳಗಿನ ತೆಂಗಿನ ನಾರಿಗೇ ಬಂದಿರಬೇಕು, ನಾರಿನಲ್ಲಿ ಎಣ್ಣೆಯ ವಾಸನೆ ಉಳಿದಿರಬೇಕು. ಸೀಟು ಬಿಚ್ಚಿದೆ. ಒಂದು ಇರುವೆಯೂ ಇರಲಿಲ್ಲ. ಪಾಪ, ಓಡಿಹೋಗಿರಬೇಕು ಎಂದುಕೊಂಡು ಮನೆಯ ಡಬ್ಬಿಯಿಂದ ಅರಿಶಿನ ತಂದು ನಾರಿಗೆಲ್ಲ ಧಾರಾಳವಾಗಿ ಹಾಕಿ ಹೊಲಿದುಬಿಟ್ಟೆ. ಅರಿಶಿನಕ್ಕೆ ಇರುವೆ ಬರುವುದಿಲ್ಲ, ಅದು ನಮ್ಮವ್ವ ಕಲಿಸಿದ್ದು.

ಸೀಟು ಒಬ್ಬ ನಿವೃತ್ತ ಶಾಲಾ ಮಾಸ್ತರರದು. ಬಿಳಿ ಪೈಜಾಮದ ಮನುಷ್ಯ. ಮೂರನೆಯ ದಿನ ಮಳೆ ಬಂತು. ನಾಲ್ಕನೆಯ ದಿನ ಮಾಸ್ತರರು ಅಂಗಡಿಗೆ ಬಂದು ಮಾತಾಡದೆ ಹಿಂದೆ ತಿರುಗಿ ನಿಂತರು. ಪೈಜಾಮ ಹಳದಿಯಾಗಿತ್ತು, ಆ ಜಾಗವೊಂದೇ. ಕಾಕಾ ನಕ್ಕು ನಕ್ಕು ಪಂಪಿನ ಮೇಲೆ ಕೈಯೂರಿ ಕೂತರು.

"ತಾಯಿ, ನೀವು ನನಗೆ ಅರಿಶಿನ ಹಚ್ಚಿ ಮದುವೆ ಮಾಡಬೇಕೆಂದಿದ್ದೀರೋ?" ಎಂದು ಮಾಸ್ತರರು ಮರಾಠಿಯಲ್ಲಿ ಕೇಳಿದರು. ಬೈಯಲಿಲ್ಲ. ಆಮೇಲೆ ನೆಲ ನೋಡುತ್ತ ಮೆಲ್ಲಗೆ ತಿಳಿಸಿ ಹೇಳಿದರು. ಮುಂಗ್ಯಾ ಎಂದರೆ ಇರುವೆಗಳಲ್ಲ, ಕೂತಲ್ಲಿ ಇರುವೆ ಹರಿದಂತಾಗುವುದು.

"ಜೋಮು," ಎಂದೆ ನಾನು ಕನ್ನಡದಲ್ಲಿ. ನನಗೆ ಅಲ್ಲೇ ಭೂಮಿಗೆ ಇಳಿದುಹೋದಂತಾಯಿತು.

ಇಲ್ಲಿಗೆ ಮುಗಿದಿದ್ದರೆ ಇದು ನಗುವ ಕಥೆ. ನನ್ನ ನಿಜವಾದ ತಪ್ಪು ಆಮೇಲಿನದು. ಜೋಮು ಹಿಡಿಯುತ್ತದೆ ಎಂದರೆ ಸೀಟು ಗಟ್ಟಿಯಾಗಿದೆ ಎಂದೇ ನಾನು ತಿಳಿದೆ. ಬಂದವರಿಗೆ ಗಾದಿ ಹಾಸುವ ಮನೆಯವಳು ನಾನು. ನೋವಾದರೆ ಇನ್ನೊಂದು ಗಾದಿ, ಇನ್ನೂ ನೋವಾದರೆ ಅದರ ಮೇಲೊಂದು. ಮಾಸ್ತರರ ಸೀಟಿಗೆ ಹತ್ತಿ ತುಂಬಿ ಬಾಳಂತಿಯ ಹಾಸಿಗೆಯಂತೆ ಮಾಡಿಕೊಟ್ಟೆ. ಕಾಕಾ ಒತ್ತಿ ನೋಡಿ "ಛಾನ್" ಎಂದರು, ಚೆನ್ನಾಗಿದೆ ಎಂದು. ಮಾಸ್ತರರು ಮತ್ತೆ ಬರಲಿಲ್ಲ. ಬರದವರೆಲ್ಲ ಗುಣವಾದವರು ಎಂದು ನಾನು ನಂಬಿದೆ. ಬಹಳ ವರ್ಷ ಹಾಗೆಯೇ ನಂಬಿದ್ದೆ. ಮಕ್ಕಳೇ, ನೀವು ಹಾಗೆ ನಂಬಬೇಡಿ. ಮರಳಿ ಬರದ ಗಿರಾಕಿ ಸೈಕಲ್ಲನ್ನೇ ಬಿಟ್ಟಿರಬಹುದು.

ಅಷ್ಟಾದರೂ ಅರಿಶಿನದಿಂದ ಒಂದು ಲಾಭವಾಯಿತು. ಅಂದಿನಿಂದ ಚೀಟಿ ನಿಲ್ಲಿಸಿ ನಾನೇ ಗಿರಾಕಿಯನ್ನು ಮಾತಾಡಿಸತೊಡಗಿದೆ. ಅವರ ಮಾತಿನಲ್ಲಿ ಮೂರು ಬಗೆ ಇತ್ತು. ಚುಚ್ಚುತ್ತದೆ ಎನ್ನುವವನಿಗೆ ಸೀಟು ಕಿರಿದು, ಎಲುಬು ಅಂಚಿಗೆ ಬೀಳುತ್ತದೆ. ಉರಿಯುತ್ತದೆ ಎನ್ನುವವನಿಗೆ ಅಗಲ ಹೆಚ್ಚಾಗಿ ತೊಡೆ ಉಜ್ಜುತ್ತದೆ, ಇಲ್ಲವೇ ನನ್ನ ಹೊಲಿಗೆಯೇ ಎದ್ದಿರುತ್ತದೆ. ಈ ಎರಡನ್ನು ಗಂಡಸರು ಹೇಗೋ ಹೇಳುತ್ತಾರೆ. ಮೂರನೆಯದನ್ನು, ಜೋಮನ್ನು, ಹೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ.

ಕೂರುವ ಎಲುಬಿನ ಅಂತರ ತಿಳಿಯುವುದು ಹೇಗೆ ಎಂದು ಯೋಚಿಸಿ ಮೊದಲು ಮನೆಯಲ್ಲೇ ಪ್ರಯೋಗ ಮಾಡಿದೆ. ಪರಾತದ ಅಗಲ ತಟ್ಟೆಯಲ್ಲಿ ಗೋಧಿಹಿಟ್ಟಿನ ಕಣಕ ತಟ್ಟಿ, ಮೇಲೆ ಬಟ್ಟೆ ಹಾಸಿ, ನಮ್ಮವರನ್ನು ಕೂರಿಸಿದೆ. ಎರಡು ಗುಳಿ ಚೆನ್ನಾಗಿ ಮೂಡಿದವು. ಅಷ್ಟರಲ್ಲಿ ಅತ್ತೆ ಬಂದರು.

"ಅನ್ನದ ಮ್ಯಾಲ ಗಂಡನ್ನ ಕುಂಡ್ರಸೀಯಲ್ಲ, ತಲಿ ನೆಟ್ಟಗದೇನು?"

"ಅಳತಿ ತಗೊಳ್ಳಾಕತ್ತೀನ್ರಿ ಅತ್ತಿ."

"ಆ ಕಣಕದ ಚಪಾತಿ ಇವನಿಗೇ ಹಾಕು. ನನಗ ಬ್ಯಾಡ."

ಕಣಕವನ್ನು ದನಕ್ಕೆ ಹಾಕಿ ದೇವರಿಗೆ ತಪ್ಪುಕಾಣಿಕೆ ಇಟ್ಟೆ. ಆಮೇಲೆ ಮಾವಿನಹಣ್ಣಿನ ಪೆಟ್ಟಿಗೆಯ ಒಳಗೆ ಪದರವಿರುವ ದಪ್ಪ ರಟ್ಟು ಸಿಕ್ಕಿತು. ಅದನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು ಕೂರಿಸಿ, ಕಾಲೆತ್ತಿ ಸ್ವಲ್ಪ ಮುಂದೆ ಬಾಗಿ ಎಂದರೆ ಎರಡು ಗುಳಿ ಬೀಳುತ್ತವೆ. ನನ್ನ ಬೆರಳಿನಲ್ಲಿ ಹೆಚ್ಚಿನವರಿಗೆ ಆರು ಬೆರಳು, ಕೆಲವರಿಗೆ ಏಳು. ದಪ್ಪ ಮನುಷ್ಯನಿಗೆ ಅಗಲ, ತೆಳ್ಳಗಿನವನಿಗೆ ಕಿರಿದು ಎಂದು ಕಣ್ಣಳತೆಯಲ್ಲಿ ಹೇಳಬೇಡಿ. ಮಾಂಸ ಬೇರೆ, ಎಲುಬು ಬೇರೆ. ಇನ್ನು ಸೀಟಿನ ಮೂಗು, ಅಂದರೆ ಮುಂದಿನ ಚೂಪು ತುದಿ, ಮೇಲೇಳದಂತೆ ನೋಡಲು ನನ್ನ ಹತ್ತಿರ ಯಂತ್ರವಿರಲಿಲ್ಲ. ಸೀಟಿನ ಮೇಲೊಂದು ಹಲಗೆ ಇಟ್ಟು ಹಲಗೆಯ ಮೇಲೆ ಲಟ್ಟಣಿಗೆ ಇಡುತ್ತಿದ್ದೆ. ಲಟ್ಟಣಿಗೆ ಹಿಂದಕ್ಕುರುಳಿದರೆ ಮೂಗು ಎದ್ದಿದೆ. ಆ ಲಟ್ಟಣಿಗೆ ಇನ್ನೂ ಅಂಗಡಿಯಲ್ಲಿದೆ. ಚಪಾತಿಗೆ ಬಳಸಬೇಡಿ.

ಹಿಂಜವಾಡಿಯಲ್ಲಿ ಆಫೀಸುಗಳು ಎದ್ದ ಮೇಲೆ ಬೇರೆ ತರಹದ ಗಿರಾಕಿಗಳು ಬಂದರು. ಬೆಂಗಳೂರಿನ ಹುಡುಗನೊಬ್ಬ ಚೀಲದಲ್ಲಿ ಐದು ಸೀಟು ತಂದು ಮೇಜಿನ ಮೇಲೆ ಸುರಿದ.

"ಆಂಟಿ, ಎಲ್ಲಾ ಆನ್‌ಲೈನ್ ತರಿಸ್ದೆ. ಒಂದೂ ಸೆಟ್ ಆಗ್ತಿಲ್ಲ. ಇದು ಜೆಲ್, ಇದು ಫೋಮ್, ಇದು ಇಟಲೀದು. ಎಲ್ಲಾದ್ರಲ್ಲೂ ಉರಿ."

ಅಳತೆ ತೆಗೆದೆ. ಐದರಲ್ಲಿ ಎರಡು ಅವನಿಗೆ ಸರಿಯಾಗಿಯೇ ಇದ್ದವು. ಅವನು ಎದ್ದು ತಿರುಗಿದಾಗ ಕಾರಣ ಕಂಡಿತು. ಗಡುಸು ಜೀನ್ಸು, ಕಾಲು ಸೇರುವಲ್ಲಿ ಹಗ್ಗದಂಥ ಹೊಲಿಗೆ.

"ಸೈಕಲ್ ಮೇಲೆ ಇದೇ ಪ್ಯಾಂಟೇನಪ್ಪಾ?"

"ಹೂಂ ಆಂಟಿ, ಆಫೀಸಿಗೆ ಹೋಗ್ಬೇಕಲ್ಲ."

"ಸೀಟು ಐದು ತರಿಸೀದಿ. ಪ್ಯಾಂಟು ಒಂದು ಬದಲಿಸಿ ನೋಡು."

ಅವನ ಮುಖ ನೋಡಬೇಕಿತ್ತು. ಮರುವಾರ ಒಂದು ಡಬ್ಬಿ ಚಿರೋಟಿ ತಂದು ಕೊಟ್ಟ.

ಈಗ ಶರಣಪ್ಪನ ವಿಷಯ. ಯಾದಗಿರಿ ಕಡೆಯವನು, ಹೊಸ ಕಟ್ಟಡಗಳಲ್ಲಿ ನೆಲಕ್ಕೆ ಫರಸಿ ಕಲ್ಲು ಕೂರಿಸುವ ಕೆಲಸ. ವಾರ್ಜೆಯ ಕಡೆ ಒಂದು ಖೋಲಿಯಲ್ಲಿ ಹೆಂಡತಿಯೊಂದಿಗೆ ಇದ್ದ. ದಿನವೂ ಹಿಂಜವಾಡಿಯ ಸೈಟಿಗೆ ಸೈಕಲ್. ಮೊದಲ ಸಲ ಬಂದಾಗ "ಸೀಟು ಎತ್ತರ ಆಗ್ಯಾದ್ರಿ ಅಕ್ಕಾರ" ಎಂದ. ಎತ್ತರದ ಮಾತಷ್ಟೇ ಎಂದು ಅಳತೆ ತೆಗೆಯದೆ ಇಳಿಸಿಕೊಟ್ಟು, ಮೇಲೆ ಒಂದು ಪದರ ಫೋಮು ಹಾಕಿದೆ. ತಿಂಗಳು ಬಿಟ್ಟು ಬಂದ. "ಕೆಳಗಾಗ್ಯಾದ್ರಿ." ಏರಿಸಿ, ಇನ್ನೊಂದು ಪದರ ಹಾಕಿದೆ. ಮೂರನೆಯ ಸಲ ಏನೂ ಹೇಳಲಿಲ್ಲ, ಸೈಕಲ್ ನಿಲ್ಲಿಸಿ ಗೋಡೆ ನೋಡುತ್ತ ನಿಂತ. ಮೂರನೆಯ ಪದರ ಹಾಕಿದೆ. ಆಗ ಆ ಸೀಟು ನೋಡಿದವರಿಗೆ ಅದರ ಮೇಲೆ ಮಲಗಬೇಕೆನಿಸುತ್ತಿತ್ತು.

ಆಮೇಲೊಂದು ಬುಧವಾರ ಅವನ ಹೆಂಡತಿ ಮಲ್ಲಮ್ಮ ಒಬ್ಬಳೇ ಬಂದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು. ಕಾಕಾ ಮುಂದಿದ್ದರು, ಹಾಗಾಗಿ ಒಳಗೆ ಕರೆದು ನೀರು ಕೊಟ್ಟೆ.

"ಅಕ್ಕಾರ, ನಾ ಬಂದೀನಂತ ಅವರಿಗಿ ಹೇಳಬ್ಯಾಡ್ರಿ."

"ಹೇಳಂಗಿಲ್ಲವಾ. ಏನಾತು?"

"ಸೈಕಲ್ ಇಳದ ಮ್ಯಾಲ ತಾಸುಗಟ್ಲೆ ಅವರಿಗಿ ಅಲ್ಲಿ... ಇರವಿ ಹರದಂಗ ಆಗ್ತದಂತ್ರಿ. ಆಮ್ಯಾಲ ಏನೂ ಗೊತ್ತೇ ಆಗಲ್ಲಂತ. ಮದುವಿ ಆಗಿ ಮೂರು ವರ್ಷ ಆತು. ಕೂಸಿಲ್ಲ. ತನಗೇ ಏನೋ ಆಗ್ಯಾದಂತ ತಿಳಕೊಂಡಾರ. ಊರಿಗಿ ಹೋಗಮು ಅಂತಾರ್ರಿ. ಸೋಮವಾರದ ಗಾಡಿಗಿ ಟಿಕೀಟ ತಗಸ್ಯಾರ."

"ಹೋದರ ಏನಾತವಾ? ಊರೇ ಅಲ್ಲೇನು?"

ಅವಳು ನನ್ನನ್ನು ನೇರವಾಗಿ ನೋಡಿದಳು. "ಅಲ್ಲಿ ನಮ್ಮತ್ತಿ ಅವರಿಗಿ ಇನ್ನೊಂದು ಹೆಣ್ಣು ನೋಡಿಟ್ಟಾಳ್ರಿ. ಇವರು ತನ್ನದಂತ ಬಾಯಿ ಬಿಟ್ಟು ಹೇಳಂಗಿಲ್ಲ. ತಪ್ಪು ನಂದಂತ ಆಗ್ತದ."

ಇರುವೆ ಎಂಬ ಮಾತು ಕೇಳಿ ಮಾಸ್ತರರ ಹಳದಿ ಪೈಜಾಮ ಕಣ್ಣ ಮುಂದೆ ಬಂತು. ಆದರೆ ನಗು ಬರಲಿಲ್ಲ. ಮೂರು ಪದರ ಹಾಕಿದವಳು ನಾನೇ. ಇನ್ನೇನು ಮಾಡುವುದೆಂದು ನನಗೆ ಗೊತ್ತಿರಲಿಲ್ಲ. "ಭಾನುವಾರದೊಳಗ ಏನರ ಮಾಡ್ತೀನವಾ" ಎಂದು ಕಳಿಸಿದೆ. ಹಾಗೆ ಮಾತು ಕೊಟ್ಟದ್ದು ನನ್ನ ಧೈರ್ಯದಿಂದಲ್ಲ, ಬಾಯಿಯ ಅವಸರದಿಂದ.

ಮರುದಿನ ಏಕಾದಶಿ. ಅತ್ತೆಯವರು ತೀರಿಹೋಗಿ ಎರಡು ವರ್ಷವಾಗಿತ್ತು. ಅವರು ಪಾರಾಯಣಕ್ಕೆ ಕೂರುತ್ತಿದ್ದ ಮಣೆ ದೇವರ ಕೋಣೆಯಲ್ಲೇ ಇತ್ತು. ಗಟ್ಟಿ ಸಾಗವಾನಿಯ ಮಣೆ, ಎರಡು ಕಡೆ ಹಿತ್ತಾಳೆಯ ಹೂ. ನನಗೆ ಮೊಣಕಾಲು ನೋವೆಂದು ಮಗಳು ಹತ್ತಿಯ ದಪ್ಪ ಆಸನ ತಂದುಕೊಟ್ಟಿದ್ದಳು. ಅದರ ಮೇಲೆ ಕೂತು ಅರ್ಧ ತಾಸು ಓದಿದೆ. ಏಳಲು ಹೋದರೆ ಎಡಗಾಲು ನನ್ನದಲ್ಲ ಎಂಬಷ್ಟು ಜೋಮು. ಕಾಲು ತಿಕ್ಕುತ್ತ ಕೂತಾಗ ಮಣೆ ಕಂಡಿತು. ಅತ್ತೆ ಅದರ ಮೇಲೆ ಎರಡೆರಡು ತಾಸು ಕೂತು ಎದ್ದು ನೇರ ಅಡುಗೆಮನೆಗೆ ನಡೆಯುತ್ತಿದ್ದರು. ನಾನು ಗಾದಿ ಹಾಸಲು ಹೋದರೆ ಹೇಳುತ್ತಿದ್ದ ಮಾತು ನೆನಪಾಯಿತು. "ಗಾದಿ ಮ್ಯಾಲ ಮೈ ಕುಂಡ್ರತದ. ಮಣಿ ಮ್ಯಾಲ ಎಲುವು ಕುಂಡ್ರತಾವ."

ಮಣೆ ಎಳೆದುಕೊಂಡು ಕೂತೆ. ಭಾರವೆಲ್ಲ ಎರಡು ಎಲುಬಿನ ಮೇಲೆ ನಿಂತಿತು. ಮತ್ತೆ ಆಸನದ ಮೇಲೆ ಕೂತೆ. ಎಲುಬು ಒಳಗಿಳಿದವು, ನಡುವಿನ ಹತ್ತಿ ಉಬ್ಬಿ ಮೇಲೆ ಬಂದು ಒತ್ತಿತು. ಮಣೆ, ಆಸನ, ಮಣೆ, ಆಸನ. ನಮ್ಮವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದು ಯಾವ ಪೂಜಿ?"

"ರೀ, ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನಾ ಹೊಲದ ಸೀಟಿನ ಮ್ಯಾಲ ನಿಮಗ ಜೋಮು ಹಿಡೀತಿತ್ತೇನು?"

ಅವರು ಕನ್ನಡಕ ತೆಗೆದು ಒರೆಸಿದರು. "ಹಿಡೀತಿತ್ತು."

"ಎಷ್ಟು ವರ್ಷ?"

"ನೌಕರಿ ಇರೂತನಕ."

"ಒಂದು ಮಾತು ಹೇಳಬೇಕಿಲ್ಲೇನ್ರಿ?"

"ಅಷ್ಟು ಪ್ರೀತಿಯಿಂದ ಹತ್ತಿ ತುಂಬತಿದ್ದಿ. ಹೆಂಗ ಹೇಳೂದು?"

ಅವರಿಗೆ ದೇವರು ಬೇರೇನೂ ಹಾನಿ ಮಾಡಲಿಲ್ಲ, ಎರಡು ಮಕ್ಕಳ ತಂದೆಯಾದರು. ಆ ಸಂಜೆ ಅದಕ್ಕೊಂದು ಬೆರಳು ಮಡಚಿದೆ. ಆಮೇಲೆ ಅವರೊಡನೆ ಎರಡು ದಿನ ಮಾತು ಬಿಟ್ಟೆ.

ಅಂಗಡಿಗೆ ಹೋಗಿ ಕಾಕಾರಿಗೆ ಹೇಳಿದೆ. ಫೋಮು ಬೇಡ, ಹತ್ತಿ ಬೇಡ. ದಪ್ಪ ಚರ್ಮ ಬಿಗಿದು, ನಡುವೆ ಒಂದು ಗೇಣು ಉದ್ದಕ್ಕೆ ಸೀಳು ಬಿಟ್ಟು ಕೊಡುತ್ತೇನೆ.

"ಗಿರಾಕಿ ಪಳೂನ್ ಜಾಯೀಲ್," ಎಂದರು ಕಾಕಾ. ಓಡಿಹೋಗುತ್ತಾನೆ ಎಂದು. "ನಿಮ್ಮ ವಿಠೋಬನೇ ನೋಡಿ, ಇಟ್ಟಿಗೆಯ ಮೇಲೆ ನಿಂತೇ ಇದ್ದಾನೆ. ಕೂರುವವರ ಕಷ್ಟ ಅವನಿಗೇನು ಗೊತ್ತು?"

"ಇಟ್ಟಿಗೆ ಗಟ್ಟಿ ಇರೂದಕ್ಕೇ ಇಷ್ಟು ದಿನ ನಿಂತಾನ್ರಿ ಕಾಕಾ. ಗಾದಿ ಮ್ಯಾಲ ನಿಂತಿದ್ದರ ಯಾವಾಗೋ ಬೀಳ್ತಿದ್ದ."

ಕಾಕಾ ತಲೆ ಕೆರೆದುಕೊಂಡು ಚರ್ಮದ ಕಟ್ಟು ತೆಗೆದುಕೊಟ್ಟರು. ಇಪ್ಪತ್ತು ವರ್ಷದಲ್ಲಿ ಅವರು ನನ್ನೆದುರು ವಾದ ಸೋತದ್ದು ಅದೊಂದೇ ಸಲ. ಸೋತರೂ ಮುಖ ಗಂಟಿಕ್ಕಲಿಲ್ಲ. ಒಳ್ಳೆಯ ಮಾಲಕರು.

ಶನಿವಾರ ಶರಣಪ್ಪನನ್ನು ಕರೆಸಿದೆ. ಅವನು ಬಂದು ಅದೇ ಗೋಡೆ ನೋಡುತ್ತ ನಿಂತ. ಸೀಟು ಬದಲಿಸುವುದು ಸುಲಭ, ಕೇಳುವುದು ಕಷ್ಟ. ಕೇಳದೆ ಕೊಟ್ಟರೆ ಅವನು ಸೋಮವಾರ ಗಾಡಿ ಹತ್ತುತ್ತಾನೆ, ಏಕೆಂದರೆ ತಪ್ಪು ತನ್ನ ಮೈಯಲ್ಲಿದೆ ಎಂದೇ ತಿಳಿದಿದ್ದಾನೆ. ಅವನ ಹಳೆಯ ಸೀಟು ತೆಗೆದು ಮೇಜಿನ ಮೇಲಿಟ್ಟೆ. ಎರಡು ಕಡೆ ಕುಸಿದಿತ್ತು, ನಡುವೆ ದಿಬ್ಬದಂತೆ ಎದ್ದಿತ್ತು. ಮನಸ್ಸಿನಲ್ಲಿ ಪಾಂಡುರಂಗನನ್ನು ನೆನೆದು ಕೇಳಿಬಿಟ್ಟೆ.

"ತಮ್ಮಾ, ಜೋಮು ಹಿಡಿತದೇನು?"

ಅವನ ಕಿವಿ ಕೆಂಪಾದವು. "ನಿಮಗ ಯಾರು ಹೇಳಿದ್ರು?"

"ಸೀಟು ಹೇಳ್ತದ. ಇಲ್ಲಿ ನೋಡು, ಈ ದಿಬ್ಬ. ಇದು ದಿನಾ ನಿನ್ನ ನರ ಒತ್ತತದ. ಇದನ್ನ ಮಾಡಿದಾಕಿ ನಾನು. ನಿನಗೇನೂ ಆಗಿಲ್ಲಂತ ನಾ ಹೇಳಾಕ ಡಾಕ್ಟರಲ್ಲ. ಸೋಮವಾರ ಗಾಡಿ ಹತ್ತೂ ಬದಲಿ ದವಾಖಾನಿಗಿ ಹೋಗು. ಹದಿನೈದು ದಿನ ನನಗ ಕೊಡು."

"ನಿಮಗ್ಯಾಕ್ರಿ ಅಕ್ಕಾರ ಹದಿನೈದು ದಿನ?"

"ನಾ ಕೆಡಿಸೀನಿ. ನಾನೇ ಸರಿ ಮಾಡಬೇಕಲ್ಲೋ."

ಅವನು ಮೊದಲ ಸಲ ಗೋಡೆ ಬಿಟ್ಟು ನನ್ನ ಕಡೆ ನೋಡಿದ. ಪೆಟ್ಟಿಗೆಯ ರಟ್ಟಿನ ಮೇಲೆ ಕೂರಿಸಿದೆ. ಏಳು ಬೆರಳು. ಆ ತೆಳ್ಳನೆಯ ಮನುಷ್ಯನಿಗೆ ಏಳು ಬೆರಳು. ಅಷ್ಟು ದಿನ ಐದು ಬೆರಳಿನ ಸೀಟಿನ ಮೇಲೆ ಕೂತಿದ್ದ.

ಅವನು ಟಿಕೀಟು ರದ್ದು ಮಾಡಿಸಿ ದವಾಖಾನೆಗೆ ಹೋದ. ಡಾಕ್ಟರು ನೋಡಿ, ನರ ಒತ್ತಿದೆ ಅಷ್ಟೇ, ಎರಡು ವಾರ ಸೈಕಲ್ ಮುಟ್ಟಬೇಡ, ಆಮೇಲೂ ಹಿಡಿದರೆ ಮತ್ತೆ ಬಾ ಎಂದರು. ಎರಡು ವಾರ ಸೈಟಿನ ಮೇಸ್ತ್ರಿ ಮುಕಾದಮನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಕೆಲಸಕ್ಕೆ ಹೋದ. ಮುಕಾದಮ ಖರಾಡಿಯ ಸೈಟಿಗೆ ವರ್ಗವಾದ ದಿನ ಹೊಸ ಸೀಟಿನ ಮೇಲೆ ಹಿಂಜವಾಡಿಗೆ ಹೊರಟ. ನಡುನಡುವೆ ಪೆಡಲಿನ ಮೇಲೆ ನಿಂತು ಮೈ ಹಗುರ ಮಾಡಿಕೋ ಎಂದಿದ್ದೆ. ಆ ದಿನ ಹೊಲಿಯುತ್ತ ರಸ್ತೆಯ ಕಡೆಯೇ ನೋಡುತ್ತಿದ್ದೆ, ದಬ್ಬಣ ಎರಡು ಸಲ ಬೆರಳಿಗೆ ಚುಚ್ಚಿತು.

ಸಂಜೆ ಅಂಗಡಿ ಮುಚ್ಚುವ ಮೊದಲು ಬಂದ. ಇಳಿದು, ಸೈಕಲ್ ಗೋಡೆಗೆ ಒರಗಿಸಿ, ಒಳಗೆ ಬಂದು ನಿಂತ.

"ಇರವಿ ಬರಲಿಲ್ರಿ ಅಕ್ಕಾರ," ಎಂದ.

ಅಷ್ಟೇ ಮಾತು. ಆ ದಿನ ದೀಪದ ಮುಂದೆ ನಾಲ್ಕು ಬೆರಳು ಮಡಚಲು ಮರೆತು ಒಂದನ್ನೇ ಹಿಡಿದುಕೊಂಡು ಕೂತಿದ್ದೆ.

ಆಮೇಲೆ ಕಾಕಾರಿಂದ ವಿಳಾಸ ಕೇಳಿ ಮಾಸ್ತರರ ಮನೆಗೂ ಹೋದೆ. ಬಹಳ ಮುದುಕರಾಗಿದ್ದರು. ತಪ್ಪಾಯಿತು ಎಂದೆ. "ಮುಂಗ್ಯಾ ಗೇಲ್ಯಾ, ಸಾಯಕಲ್ ಪಣ ಗೇಲೀ," ಎಂದು ನಕ್ಕರು. ಇರುವೆಗಳೂ ಹೋದವು, ಸೈಕಲ್ಲೂ ಹೋಯಿತು. ನನ್ನ ಹತ್ತಿಯ ಸೀಟಿನ ಮೇಲೆ ವಾರ ಕೂತು, ಸೈಕಲ್ಲನ್ನು ಯಾರಿಗೋ ಕೊಟ್ಟು ನಡೆಯತೊಡಗಿದರಂತೆ. ನನಗೆ ಬೇಜಾರಾದೀತೆಂದು ಹೇಳಿರಲಿಲ್ಲ. ಚಹಾ ಕುಡಿಸಿ ಕಳಿಸಿದರು.

ಶರಣಪ್ಪನಿಗೆ ಕೂಸಾಯಿತೇ ಎಂದು ಕೇಳುತ್ತೀರಿ. ಇನ್ನೂ ಇಲ್ಲ. ಅದು ಸೀಟಿನಿಂದ ಆಗುವ ಕೆಲಸವೂ ಅಲ್ಲ, ನಾನು ಹೇಳಬೇಕಾದ ಮಾತೂ ಅಲ್ಲ. ಇಬ್ಬರೂ ಕೂಡಿ ದವಾಖಾನೆಗೆ ಹೋಗಿಬರುತ್ತಾರೆ. ಊರಿನಿಂದ ತಾಯಿ ಫೋನು ಮಾಡಿ ಆ ಹೆಣ್ಣಿನ ಮಾತೆತ್ತಿದಾಗ ಅವನು "ನಾನೂ ತೋರಿಸಕೊಳ್ಳಾಕತ್ತೀನಿ, ಆಕಿದೇ ತಪ್ಪಂತ ಅನಬ್ಯಾಡ" ಎಂದನಂತೆ. ಗೋಡೆ ನೋಡುತ್ತಿದ್ದ ಮನುಷ್ಯ ಅಷ್ಟು ಬಾಯಿ ಬಿಟ್ಟ.

ಇದನ್ನು ನನಗೆ ಹೇಳಿದವಳು ಮಲ್ಲಮ್ಮ. ಆ ವರ್ಷವೇ ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದಳು, ಈಗ ನನ್ನ ಮೇಜು ಅವಳದು. ಹೋದ ವಾರ ಪ್ರಸಾದ ಕೊಡಲು ಅಂಗಡಿಗೆ ಹೋಗಿದ್ದೆ. ಕಾಕಾರ ಮಗ ಮುಂದೆ ಕೂತಿದ್ದ. ಒಳಗೆ ಮೀಸೆಯ ದೊಡ್ಡ ಮನುಷ್ಯನೊಬ್ಬ ನಿಂತು ಸೀಟು ಎತ್ತರವಾಗಿದೆ ಎನ್ನುತ್ತಿದ್ದ. ಮಲ್ಲಮ್ಮ ಸೀಟಿನ ಮೇಲೆ ಹಲಗೆ ಇಟ್ಟು, ಲಟ್ಟಣಿಗೆ ಇಟ್ಟು, ಅದು ಹಿಂದಕ್ಕುರುಳುವುದನ್ನು ನೋಡಿದಳು. ಆಮೇಲೆ ತಲೆಯೆತ್ತಿ, ಉಪ್ಪು ಸಾಕೇ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು.

"ಎತ್ತರ ಇರಲಿ ಬಿಡ್ರಿ ಅಣ್ಣಾರ. ಜೋಮು ಹಿಡಿತದೇನು, ಅದು ಹೇಳ್ರಿ."

ಆ ಮನುಷ್ಯ ಗೋಡೆ ನೋಡಿದ. ಮಲ್ಲಮ್ಮ ಕಾದಳು. ನಾನು ಬಾಗಿಲಲ್ಲೇ ನಿಂತು ಐದನೆಯ ಬೆರಳು ಮಡಚಿದೆ.

"ಹಿಡಿತದ್ರಿ," ಎಂದ ಅವನು.